ಅಮಾನತಿನಲ್ಲಿದ್ದ ವಕೀಲ

ಮಡಕಶಿರಾ ಕೋರ್ಟಿನೆದುರು ತೂಗುಹಾಕಿದ್ದ ಬೋರ್ಡಿನಲ್ಲಿ ಮೂಡಲಗಿರಿಯಪ್ಪನ ಹೆಸರೇ ಎರಡು ಸಾಲು ಹಿಡಿದಿತ್ತು. ಅವನ ವಕೀಲಿ ಎರಡು ವರ್ಷವನ್ನೂ ಹಿಡಿಯಲಿಲ್ಲ. ಸೀನಿಯರ್ ಹಿಂದೆ ಕೇಸಿನ ಕಾಗದದ ಕಟ್ಟು ಹೊತ್ತು ತಿರುಗಿ, ‘ವಾಯಿದೆ ಕೊಡಿ ಸ್ವಾಮಿ’ ಎನ್ನುವ ಒಂದೇ ವಾದದಲ್ಲಿ ಅವನು ಪಳಗಿದ್ದ. ಬೇರೆಯವರು ಹೇಳುವ ಮೊದಲು ತಾನೇ ಇದನ್ನು ಹೇಳಿಕೊಂಡು ನಗುತ್ತಿದ್ದ.

ಏಳು ತಿಂಗಳಿಂದ ಅವನು ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಸಂಬಳಗಾರ. ಪ್ಯಾಂಟು ಕೊಳ್ಳುವ ಪರದೇಶದ ಕಂಪನಿಗಳಿಗೆ ಈಗ ಹೊಲಿಗೆಯಷ್ಟೇ ಕಾಗದಗಳೂ ನೇರವಾಗಿರಬೇಕು: ಹೊಲಿಯುವವರ ವಯಸ್ಸು, ಕೆಲಸದ ಗಂಟೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು. ಅದಕ್ಕೆ ಕಾನೂನು ಓದಿದವರು ಬೇಕು, ಕೋರ್ಟಿಗೆ ಹೋಗುವವರು ಬೇಡ. “ಸನದು ಅಮಾನತಿಗೆ ಕೊಟ್ಟು ಬರ್ರಿ ವಕೀಲ್ರ, ಸಂಬಳಾನೂ ಸನದೂ ಎರಡೂ ಇಟ್ಕೊಳ್ಳಾಕ ಬರಂಗಿಲ್ಲ,” ಎಂದಿದ್ದ ಮ್ಯಾನೇಜರ್. ನಿಯಮವೂ ಅದೇ: ಸಂಬಳಕ್ಕೆ ಸೇರಿದವನು ವಕೀಲಿ ಪರವಾನಗಿಯಾದ ಸನದನ್ನು ಒಪ್ಪಿಸಿಡಬೇಕು, ಅದು ವಾಪಸು ಬರುವವರೆಗೆ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಮೂಡಲಗಿರಿ ಕೊಟ್ಟ. ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯ ತನ್ನೂರಿನಲ್ಲಿ ಮಾತ್ರ ಹೇಳಲಿಲ್ಲ. ‘ರಾಯದುರ್ಗದಲ್ಲಿ ದೊಡ್ಡ ಪ್ರಾಕ್ಟೀಸು’ ಎಂದು ತಾಯಿ ತಿಪ್ಪಮ್ಮ ಬೀದಿಗೆಲ್ಲ ಸಾರಿದಾಗ ತಿದ್ದಲೂ ಇಲ್ಲ.

ಒಂದು ಭಾನುವಾರ ಅವಳ ಫೋನು ಬಂತು.

“ನಮ್ಮ ಬೀದಿ ನಾಗಕ್ಕನ ಬಂಡಿದಾರಿ ಕೇಸು ನಾಳೀಕೈತೆ. ನಿನ್ನ ಹೆಸರಲ್ಲಿ ವೀಳ್ಯ ತಗಂಡಿದೀನಿ.”

“ಆಯಮ್ಮಂಗೆ ಆಗ್ಲೇ ವಕೀಲ್ರು ಅವ್ರಲ್ವೇನಮ್ಮ?”

“ಅವ್ರನ್ನ ಬಿಡಿಸ್ದೆ. ಮನೆ ಮಗ ಇರ್ವಾಗ ಊರೋರ ಕೈಯಾಗೆ ಯಾಕೆ? ಕಟ್ಟು ಇಸ್ಕಂಡು ಬಂದೀವಿ.”

ವೀಳ್ಯ ಹಿಡಿದರೆ ಮಾತು ಕೊಟ್ಟಂತೆ. ಆ ಸೀಮೆಯಲ್ಲಿ ಮದುವೆಯ ಅಡುಗೆಯವನೂ ಅದನ್ನು ಹಿಡಿದ ಮೇಲೆ ಹಿಂದೆ ಸರಿಯುವುದಿಲ್ಲ. ಪಕ್ಕದ ಹೊಲದವನು ನಾಗಕ್ಕನ ದಾರಿಗೆ ಬೇಲಿ ಹಾಕದಂತೆ ಕೋರ್ಟಿನ ತಾತ್ಕಾಲಿಕ ಆಜ್ಞೆಯೊಂದು ತಡೆದಿತ್ತು. ಸೋಮವಾರ ಅವಳ ಪರ ಯಾರೂ ನಿಲ್ಲದಿದ್ದರೆ ಅದೂ ಬಿದ್ದುಹೋದೀತು. ಕಡಲೆಕಾಯಿ ಗಿಡ ಕೀಳುವ ಕಾಲ ಬೇರೆ, ಹೊಲಕ್ಕೆ ಬಂಡಿ ಹೋಗಲೇಬೇಕು.

ಫೋನಿನಲ್ಲೂ ಮೂಡಲಗಿರಿ ನಿಜ ಹೇಳಲಿಲ್ಲ; ಮರುದಿನ ಅರ್ಧ ದಿನದ ರಜೆ ಹಾಕಿ ಮಡಕಶಿರಾ ಕೋರ್ಟಿನ ಅಂಗಳಕ್ಕೆ ಬಂದ. ನಾಗಕ್ಕನ ಜೊತೆ ಬಂದಿದ್ದ ತಿಪ್ಪಮ್ಮ ಅವನ ಕರಿಕೋಟಿಗೆ ಇಸ್ತ್ರಿ ಹಾಕಿಸಿ ತಂದಿದ್ದಳು. ಮೂಡಲಗಿರಿ ಒಂದು ತೋಳು ತೂರಿಸಿದ. ಒಂದೇ ಒಂದು ಸಹಿ. ಇಲ್ಲಿ ಯಾರು ಕೂತು ಸನದಿನ ಲೆಕ್ಕ ಕೇಳುತ್ತಾರೆ? ಆದರೆ ಎದುರಿನ ವಕೀಲ ಕೇಳಿದರೆ? ತನಗೆ ನೋಟಿಸು, ನಾಗಕ್ಕನಿಗೆ ಬೇಲಿ.

ತೋಳು ಹೊರಗೆಳೆದ.

“ನಾಗಕ್ಕ, ನಾನು ನಿಲ್ಲಂಗಿಲ್ಲ. ಏಳು ತಿಂಗಳಿಂದ ನಾನು ವಕೀಲ ಅಲ್ಲ. ಪ್ಯಾಂಟಿನ ಕಂಪನೀಲಿ ಫೈಲು ನೋಡ್ಕಂತೀನಿ.”

ತಿಪ್ಪಮ್ಮ ಸುತ್ತ ನೋಡಿದಳು. “ಮೆಲ್ಲಗೆ ಹೇಳೋ,” ಎಂದಳು.

ನಾಗಕ್ಕ ಕಟ್ಟನ್ನು ಎದೆಗವಚಿಕೊಂಡಳು. “ಸುಳ್ಳೇಳೋರು ಒಳಗೆ ಸಾಕ್ಷಿ ಬೋನಿನಾಗೆ ನಿಂತಿರ್ತಾರೆ ಅಂದ್ಕಂಡಿದ್ದೆ. ನೀನು ಹೊರಗೇ ಸಿಕ್ದೆ ಬಿಡಪ್ಪ.”

ಅವನಿಗೆ ನಗು ಬರಲಿಲ್ಲ. ಬೇವಿನ ಮರದಡಿ ಮೇಜು ಹಾಕಿಕೊಂಡಿದ್ದ ಸೌಭಾಗ್ಯಳ ಬಳಿಗೆ ಇಬ್ಬರನ್ನೂ ಕರೆದೊಯ್ದ. ಅವನ ಜೊತೆ ಕಾನೂನು ಓದಿದವಳು. ಬೆಳಿಗ್ಗೆ ಕೋರ್ಟು, ಮಧ್ಯಾಹ್ನದ ಮೇಲೆ ಊರವರ ಆನ್‌ಲೈನ್ ಅರ್ಜಿ ತುಂಬಿ ಜೀವನ.

“ಹನ್ನೊಂದಕ್ಕೆ ಕೇಸು, ಹತ್ತೂಮುಕ್ಕಾಲಿಗೆ ಕಟ್ಟು ತರ್ತೀಯ,” ಎಂದಳು ಸೌಭಾಗ್ಯ. “ಸಂಬಳದೋರ್ಗೆ ಟೈಮು ಚೆನ್ನಾಗಿ ಗೊತ್ತಿರುತ್ತೆ ಅಂತಾರೆ.”

“ಬಯ್ಯಿ. ಆದ್ರೆ ನಿಂತ್ಕೊ.”

“ಹಳೇ ವಕೀಲ್ರು ಒಪ್ಪಿಗೆ ಬರ್ಕೊಟ್ಟವ್ರಾ?”

“ಕೊಟ್ಟವ್ರೆ,” ಎಂದಳು ನಾಗಕ್ಕ. ಸೌಭಾಗ್ಯ ವಕಾಲತ್ತಿನ ಕಾಗದ ಮುಂದೆ ತಳ್ಳಿದಳು. ನಾಗಕ್ಕ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುವಷ್ಟರಲ್ಲಿ ಒಳಗಿಂದ ಕೂಗು ಬಂತು.

ಮೂಡಲಗಿರಿ ಕಕ್ಷಿದಾರರ ಬೆಂಚಿನ ತುದಿಯಲ್ಲಿ ಕುಳಿತ. ಸೌಭಾಗ್ಯ ವಾಯಿದೆ ಕೇಳಲಿಲ್ಲ. ಹೊಲಕ್ಕೆ ಬೇರೆ ದಾರಿಯಿಲ್ಲವೆಂಬುದನ್ನು ನಕ್ಷೆ ಹಿಡಿದು ತೋರಿಸಿದಳು. ಆಜ್ಞೆ ಮುಂದುವರಿಯಿತು.

ಹೊರಗೆ ತಿಪ್ಪಮ್ಮ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿದಳು. “ಊರಾಗೆ ನಾನೇ ಹೇಳ್ಬೇಕೊ, ನೀನೇ ಹೇಳ್ತೀಯೊ?”

“ನಾನೇ ಹೇಳ್ತೀನಿ.”

ಅರ್ಧ ದಿನದ ರಜೆ ಆಗಲೇ ಮುಗಿದಿತ್ತು. ಅವನು ಮ್ಯಾನೇಜರನಿಗೆ ಮೆಸೇಜು ಹಾಕಿ ಗುಡಿಬಂಡೆಯ ಆಟೋ ಹತ್ತಿದ. ನಾಗಕ್ಕ ಸರಿದು ಜಾಗ ಬಿಟ್ಟಳು. ತಿಪ್ಪಮ್ಮ ಸರಿಯಲಿಲ್ಲ.