ತಪ್ಪಿಗೂ ಚಪ್ಪಾಳೆ

ಚಪ್ಪಾಳೆಯ ಆಸೆ ನನಗೂ ಇದೆ ಎಂಬುದು ಅರವತ್ತೆಂಟನೆಯ ವಯಸ್ಸಿಗೆ ತಿಳಿಯಿತು. ತಿಳಿಸಿಕೊಟ್ಟದ್ದು ಒಂದು ಟ್ಯಾಬ್. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಮೊಮ್ಮಗಳು ಸಹನಾ ಎರಡನೆಯ ತರಗತಿ. ಸೊಸೆ ಲಕಮನಹಳ್ಳಿಯ ಕಾರ್ಖಾನೆಗೆ ಹೋಗುವುದರಿಂದ ಶಾಲೆಯ ಪಾಲಕರ ಸಭೆಗೆ ನಾನೇ ಹೋಗುತ್ತೇನೆ. ಮಕ್ಕಳಿಗೆ ಓದು ಕಲಿಸಲು ಟ್ಯಾಬ್ ಬಂದಿದ್ದವು. ಎರಡು ಆ್ಯಪ್ ನೋಡಿ ಅಂಕ ಕೊಡಿ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳೋಣ ಎಂದು ಹೆಡ್ ಅಕ್ಕೋರು ಎಲ್ಲರನ್ನೂ ಕೂರಿಸಿದರು. ಜೀವಮಾನದಲ್ಲಿ ಅಂಕ ಪಡೆಯದವಳು ಅಂಕ ಕೊಡಲು ಕೂತೆ.

ಚಿತ್ರ ಬರುತ್ತದೆ, ಕೆಳಗೆ ಮೂರು ಪದ, ಸರಿಯಾದದ್ದನ್ನು ಒತ್ತಬೇಕು. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತೇನೆ. “ಚಷ್ಮಾ ಮನ್ಯಾಗ ಬಿಟ್ಟ ಬಂದೇನ್ರಿ” ಎಂದೆ. ಚಷ್ಮಾ ಸೀರೆಯ ಉಡಿಯಲ್ಲೇ ಇತ್ತು. ಕಣ್ಣು ಕಾಣದವಳು ಎನಿಸಿಕೊಂಡೇನು, ಓದು ಬಾರದವಳು ಎನಿಸಿಕೊಳ್ಳಲಾರೆ.

ಮೊದಲ ಆ್ಯಪ್ ಮೂರು ಸಲ ‘ಟುಂಯ್’ ಎಂದು, ಮುಂದೆ ಹೋಗದೆ ನಿಂತಿತು. ಪಕ್ಕದ ಶಾಂತವ್ವ ಇಣುಕಿದಳು. ಎರಡನೆಯದು ಏನು ಒತ್ತಿದರೂ ಚಪ್ಪಾಳೆ ಹೊಡೆದು ನಕ್ಷತ್ರ ಉದುರಿಸಿತು. ಓದದೆ ಒತ್ತಿದ ಹತ್ತೂ ಸರಿಯಾಗುವುದುಂಟೆ? ಆಗಲೇ ನನಗೆ ಗೊತ್ತಾಗಿತ್ತು. ಆದರೆ ಅದನ್ನು ಹೇಳಿದರೆ ನಾನು ತಪ್ಪು ಒತ್ತಿದ್ದನ್ನೂ ಹೇಳಬೇಕಲ್ಲ. ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ಹತ್ತು ಅಂಕ ಬರೆದು ಕೊಟ್ಟುಬಿಟ್ಟೆ. ಓದು ಬಲ್ಲವರೆಲ್ಲ ಸರಿಯಾದದ್ದನ್ನೇ ಒತ್ತಿದ್ದರಿಂದ ಅವರಿಗೆ ಎರಡೂ ಚಪ್ಪಾಳೆ ಹೊಡೆದಿದ್ದವು. ಅವರು ಎರಡಕ್ಕೂ ಒಂದೇ ಅಂಕ ಕೊಟ್ಟರು. ಗೆಲ್ಲಿಸಿದ್ದು ನನ್ನ ಹತ್ತು.

ದುರ್ಗದಬೈಲಿನ ಪೇಟೆಯಲ್ಲಿ ಗಡಿಗೆ ಕೊಳ್ಳುವಾಗ ನಾನು ಬೆರಳಿನಿಂದ ಬಡಿದು ನೋಡುತ್ತೇನೆ. ಸೀಳಿದ್ದರೆ ದನಿ ಬೇರೆ. ಅಂಗಡಿಯವನು ಎಷ್ಟು ಹೊಗಳಿದರೂ ಕಿವಿಗೊಡುವುದಿಲ್ಲ. ಮಣ್ಣಿನ ಗಡಿಗೆಗೆ ತೋರಿಸಿದ ನಿಯತ್ತನ್ನು ಮಕ್ಕಳ ಓದಿಗೆ ತೋರಿಸಲಿಲ್ಲ.

ತಿಂಗಳಾಯಿತು. “ಆಯಿ, ನನಗ ದಿನಾ ನೂರ ಸ್ಟಾರ್!” ಎಂದು ಸಹನಾ ಕುಣಿಯುತ್ತಿದ್ದಳು. ರಾಯಾಪುರದಲ್ಲಿ ಬಸ್ಸಿಗೆ ನಿಂತಾಗ, “ಬಸ್ಸಿನ ಬೋರ್ಡ್ ಓದವಾ” ಎಂದೆ. ಧಾರವಾಡ ಎಂದಿತ್ತು, ಅಷ್ಟು ನನಗೂ ಬರುತ್ತದೆ. ಅವಳು “ಹುಬ್ಬಳ್ಳಿ!” ಎಂದವಳೇ ಮುಖ ಅರಳಿಸಿ ನನ್ನನ್ನು ನೋಡಿದಳು. ಚಪ್ಪಾಳೆಗೆ ಕಾಯುತ್ತಿದ್ದಳು. ಸಭೆಯಲ್ಲಿ ನನ್ನ ಮುಖವೂ ಹೀಗೇ ಅರಳಿದ್ದಿರಬೇಕು.

ಮುಂದಿನ ಸಭೆಯಲ್ಲಿ ಎದ್ದು ನಿಂತೆ. “ಅಕ್ಕೋರ, ಅದು ತಪ್ಪ ಒತ್ತಿದ್ರೂ ಚಪ್ಪಾಳಿ ಹೊಡಿತೈತ್ರಿ.”

“ನಾವೆಲ್ಲಾ ನೋಡೇವಲ್ರಿ ಅಜ್ಜಿ. ನಿಮಗಷ್ಟ ಹೆಂಗ ಗೊತ್ತಾತು?” ಅಕ್ಕೋರು ಕೇಳಿದರು.

“ನೀವು ಸರಿ ಒತ್ತಿದ್ರಿ. ನಾ ಎಲ್ಲಾ ತಪ್ಪ ಒತ್ತೇನಿ.”

ಶಾಂತವ್ವ ಬಿಡುವವಳೇ? “ಯಾಕಬೇ, ಚಷ್ಮಾ ಮನ್ಯಾಗ ಐತಿ ಅಂದಿದ್ಯಲ್ಲಾ?”

“ಉಡ್ಯಾಗಿತ್ತ. ಓದಾಕ ಬರೂದಿಲ್ಲ ನನಗ. ಸಾಕ?”

ಯಾರೂ ನಗಲಿಲ್ಲ. ಅಕ್ಕೋರು ಬೇಕೆಂದೇ ತಪ್ಪು ಪದ ಒತ್ತಿದರು. ಟ್ಯಾಬ್ ಒಂದೇ ಜೋರಾಗಿ ಚಪ್ಪಾಳೆ ಹೊಡೆಯಿತು. ನೆಲ ನೋಡುತ್ತ ಕೂತೆ.

ಈಗ ಆ ಟುಂಯ್ ಅನ್ನುವ ಆ್ಯಪನ್ನೇ ಹಾಕಿದ್ದಾರೆ. ಹೊಸದು ಬಂದರೆ, “ಮೊದಲ ಅಜ್ಜಿ ಕಡೆ ಕೊಡ್ರಿ” ಎನ್ನುತ್ತಾರೆ. ಅದನ್ನು ಮರ್ಯಾದೆ ಎನ್ನಬೇಕೋ ಏನೋ, ಕಿವಿಯಂತೂ ಬಿಸಿಯಾಗುತ್ತದೆ. ಸಂಜೆ ಮನೆಯಲ್ಲಿ ಸೊಸೆಯ ಫೋನಿನಲ್ಲಿ ಅದನ್ನೇ ತೆರೆದು ಸಹನಾಳ ಪಕ್ಕ ಕೂರುತ್ತೇನೆ. ನಾನು ಒತ್ತಿ ಅದು ಟುಂಯ್ ಎಂದರೆ ಅವಳು ನಗುತ್ತಾಳೆ. ನಗಲಿ. ಈಗ ಚಷ್ಮಾ ಹಾಕಿಕೊಂಡೇ ತಪ್ಪುತ್ತೇನೆ.