ಲಗಾಟ್ ಮಾಮನ ಮೂರು ನಿಮಿಷ

ನಮ್ಮ ಮೊಯಿಬೆನ್ ಕಡೆಯ ಚಾಲಕರು ಚಹಾಕ್ಕೆ ಇಳಿದರೆ ಟ್ರ್ಯಾಕ್ಟರ್ ಆರಿಸುವುದಿಲ್ಲ; ಆರಿಸುವವನು ಲಗಾಟ್ ಮಾಮ ಒಬ್ಬನೇ. ಉತ್ತು ಕಾದ ಇಂಜಿನ್ನಿಗೆ ಮೂರು ನಿಮಿಷ ಮೆಲ್ಲಗೆ ಉಸಿರಾಡಲು ಬಿಟ್ಟು, ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡ ಮೇಲೆಯೇ ಅವನು ಲೋಟ ಮುಟ್ಟುವುದು. ಸ್ವಂತ ಮಗಳ ಮದುವೆಯಲ್ಲೂ "ಒಲೆ ಯಾಕೆ ಸುಮ್ನೆ ಉರೀತಿದೆ?" ಎಂದು ಅಡುಗೆಯವರನ್ನು ಗದರಿದವನು. "ಮತ್ತೆ ಸ್ಟಾರ್ಟ್ ಆಗ್ದಿದ್ರೆ ಅತ್ತೇನ ಕರ್ಸಿ ತಳ್ಳಿಸ್ತೀಯಾ, ಮಾಮಾ?" ಎಂದು ಚಹಾ ಮಾರುವ ಚೆರೋನೊ ಕೆಣಕುತ್ತಾಳೆ. "ನಿಂತ ಗಾಡಿ ಕುಡಿದ ಡೀಸೆಲ್ಲು ಯಾರ ಹೊಲಾನೂ ಉಳಲ್ಲ ಕಣಮ್ಮ," ಎನ್ನುತ್ತಾನೆ ಮಾಮ. ಈ ಮಾರ್ಚ್‌ನಲ್ಲಿ ಮಳೆ ಮೋಡ ಕವಿದ ವಾರವೇ ಬಂಕಿನಲ್ಲಿ ಡೀಸೆಲ್ ಮುಗಿದು, ಊರಿನ ಟ್ರ್ಯಾಕ್ಟರುಗಳೆಲ್ಲ ನಿಂತವು. ಮಾಮನ ಟ್ಯಾಂಕಿನಲ್ಲಿ ಮಾತ್ರ ಒಂದು ಹೊಲಕ್ಕಾಗುವಷ್ಟು ಉಳಿದಿತ್ತು. ಅವನು ನೇರವಾಗಿ ಒಂಟಿ ಮುದುಕಿ ತಪ್ರಾಂದಿಚ್ ಅಜ್ಜಿಯ ಮುಸುಕಿನ ಜೋಳದ ಹೊಲಕ್ಕೆ ಇಳಿದ. ಕೊನೆಯ ಸಾಲು ಉತ್ತು ಮುಗಿಸುತ್ತಲೇ ದಪ್ಪ ಹನಿಗಳು ಬಿದ್ದವು. ಬದುವಿನ ಮೇಲೆ ನಿಂತ ನಾವೆಲ್ಲ ಶಿಳ್ಳೆ ಹೊಡೆದು ಕುಣಿದೆವು. ಪಕ್ಕದಲ್ಲೇ ಉಳದೆ ಬಿದ್ದಿದ್ದ ಹೊಲ ಮಾಮನದೇ ಎಂದು ಆಗ ಚೆರೋನೊಗೆ ಹೊಳೆಯಿತು. ಅವಳು ಗುದ್ದಲಿ ಹೆಗಲಿಗೇರಿಸಿ ಕೂಗಿದಳು: "ಏಯ್, ಕುಣಿದದ್ದು ಸಾಕು, ಎಲ್ರೂ ಮಾಮನ ಹೊಲಕ್ಕೆ ಇಳೀರಿ!" ಊರಿಗೆ ಊರೇ ಇಳಿಯಿತು.