ಜರ್ಕಿನ್ ಕಿಸೆಯ ಹಿತ್ತಾಳೆ ಬೂಚು

ಕಳೆದ ವಾರ ಹೆಂಡತಿ ಹಳೆಯ ಟ್ರಂಕು ತೆಗೆದು ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ನನ್ನ ಹಳೆಯ ಜರ್ಕಿನ್ ಕೊಡವಿದಾಗ ಗ್ರೀಸಿನ ವಾಸನೆ ಬಂತು. "ಇದರಾಗ ಏನೋ ಭಾರ ಐತಿ ನೋಡ್ರಿ" ಎಂದಳು. ಒಳಗಿನ ಕಿಸೆಯ ಜಿಪ್ ಬಿಚ್ಚಿದೆ. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಬೂಚು ಅಂಗೈಗೆ ಬಿತ್ತು. ಅದು ಅಲ್ಲಿರುವ ಕಾರಣವೇ ಇರಲಿಲ್ಲ.

ಹನ್ನೆರಡು ವರ್ಷದ ಹಿಂದೆ ನಾನು ವಿಜಯಪುರದ ಹೊರಗಿನ ಕೆರೆಯೊಂದರಲ್ಲಿ ಬೋಟು ನಡೆಸುತ್ತಿದ್ದೆ. ಬೋಟು ಅಂದರೆ ದೊಡ್ಡ ಮಾತಾಯಿತು. ಎಲ್ಲೋ ನದಿಯಲ್ಲಿ ದುಡಿದು ಸೊರಗಿ ನಮ್ಮ ಪಾಲಿಗೆ ಬಂದ ಫೈಬರ್ ಮುದುಕಿ ಅದು. ಅದರ ಆರೈಕೆಗೆ ಇಬ್ರಾಹಿಂಪುರದಿಂದ ಸೈಕಲ್ ಮೇಲೆ ಚಾಚಾ ಬರುತ್ತಿದ್ದರು. ಅಲ್ಲಿ ನಮ್ಮ ಮನೆಯ ಹಿಂದಿನ ಓಣಿಯವರು, ಎಲ್ಲರಿಗೂ ಚಾಚಾ. ಅವರ ಮೂಲ ಕಸುಬು ತಿಕೋಟಾ, ಹೊನವಾಡದ ಕಡೆ ದ್ರಾಕ್ಷಿ ತೋಟಗಳ ಪಂಪು ರಿಪೇರಿ. "ಪಂಪಿರಲಿ ಬೋಟಿರಲಿ, ನೀರು ಎಲ್ಲಿ ಬರಬಾರ್ದೋ ಅಲ್ಲೇ ಬರ್ತೈತಿ ತಮ್ಮಾ" ಎಂದು ನಗುತ್ತಿದ್ದರು.

ಬೋಟಿನ ಹಿಂಬದಿ, ತಳದ ಹತ್ತಿರ, ಒಂದು ತೂತು ಇರುತ್ತದೆ. ದಂಡೆಗೆ ಎಳೆದಾಗ ಒಳಗೆ ನಿಂತ ನೀರು ಹರಿದುಹೋಗಲಿ ಎಂದು. ಮತ್ತೆ ನೀರಿಗಿಳಿಸುವ ಮುಂಚೆ ಬೂಚು ಹಾಕಿ ಬಿಗಿಯಬೇಕು. ಲಾರಿ ಟ್ಯೂಬು ಕತ್ತರಿಸಿ ಚಾಚಾ ಅದಕ್ಕೆ ವಾಷರ್ ಮಾಡುತ್ತಿದ್ದರು, ಗ್ರೀಸ್ ಸವರಿ ಕೈಯಲ್ಲೇ ತಿರುವಿ, ಕೊನೆಗೆ ಪಾನಾ, ಅಂದರೆ ಸ್ಪ್ಯಾನರಿನಿಂದ ಅರ್ಧ ಸುತ್ತು ಮಾತ್ರ ಕೊಡುತ್ತಿದ್ದರು. "ಹಳೇ ಬೋಟಿಗೆ ಜೋರ ಮಾಡಬಾರ್ದು. ಹಳೇ ಮಂದಿಗೂ."

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬೂಚು ಯಾರ ಕೈಯಲ್ಲಿದೆಯೋ ಅವರೇ ಹಾಕಬೇಕು. ಇನ್ನೊಬ್ಬರಿಗೆ ಕೊಟ್ಟರೆ "ಈಗ ನಿನ್ನ ಕಡೆ" ಎಂದು ಬಾಯಿಬಿಟ್ಟು ಹೇಳಬೇಕು. ಇದೇನು ಕನ್ಯಾದಾನವೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆಗ ಶಿವರಾತ್ರಿ ಹತ್ತಿರವಿತ್ತು. ಒಂದು ಸಂಜೆ ವಾಷರ್ ಚಪ್ಪಟೆಯಾಗಿತ್ತೆಂದು ಬೂಚು ಬಿಚ್ಚಿ ಚಾಚಾನ ಕೈಗಿಟ್ಟೆ. "ಈಗ ನಿಮ್ಮ ಕಡೆ" ಎಂದೆ. ಗ್ರೀಸು ಮೆತ್ತಿದ ಆ ಅಂಗೈ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ಬೆಳಿಗ್ಗೆ ಬಿಸಿಲೇರಿತೆಂದು ಜರ್ಕಿನ್ ಕಳಚಿ ದಂಡೆಯ ಬೇವಿನ ಗಿಡಕ್ಕೆ ತೂಗುಹಾಕಿದೆ. ಚಾಚಾ ಚಹಾ ಕುಡಿಯಲು ಹೋಗಿದ್ದರು. ಬೂಚು ಹಾಕಿರುತ್ತಾರೆಂದು ನಾನು ಬಗ್ಗಿಯೂ ನೋಡದೆ, ಕಾಖಂಡಕಿಯಿಂದ ಬಂದ ಒಂದು ಕುಟುಂಬವನ್ನು ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಜ್ಜಿಯೊಬ್ಬಳು ಸೀರೆ ಮೇಲೆತ್ತಿಕೊಂಡು "ಏನಪಾ, ಬೋಟಿನ್ಯಾಗ ಕಾಲೂ ತೊಳೀತೀರೇನ?" ಎಂದಳು. ಗಾಬರಿಯಾಗಿ ತಿರುಗಿಸಿದೆ. ದಂಡೆಯ ಹತ್ತಿರ ಸೊಂಟಮಟ್ಟದ ನೀರಿನಲ್ಲಿ ಬೋಟು ಕೂತುಬಿಟ್ಟಿತು. ಎಲ್ಲರನ್ನೂ ಕೈಹಿಡಿದು ಇಳಿಸಿದೆ. ಯಾರಿಗೂ ಏನೂ ಆಗಲಿಲ್ಲ.

ಬೋಟಿನ ಗುತ್ತಿಗೆದಾರ ಬಂದು ಕೂಗಾಡಿದ. "ಬೂಚ ಯಾರ ಕಡೆ ಇತ್ತು?" ನಾನು ಚಾಚಾನ ಕಡೆ ನೋಡಿದೆ. ಅವರು ನನ್ನನ್ನು ನೋಡಿದರು... ಆಮೇಲೆ ಗಿಡದ ಕಡೆಗೋ, ನೀರಿನ ಕಡೆಗೋ. "ನನ್ನ ಕಡೆ ಇತ್ರಿ. ತಪ್ಪ ನಂದ" ಎಂದರು.

ಅಂದಿಗೆ ಬೋಟು ಮುಗಿಯಿತು, ಚಾಚಾ ಕೆರೆಗೆ ಬರುವುದೂ ಮುಗಿಯಿತು. ಸಂಜೆ ಅವರೇ ನನ್ನ ಜರ್ಕಿನ್ ಮನೆಗೆ ತಂದುಕೊಟ್ಟರು. "ಮರತ ಬಂದೀ ನೋಡ ತಮ್ಮಾ, ಥಂಡಿ ಇನ್ನಾ ಐತಿ." ಅಷ್ಟೇ ಮಾತು. ಬೆಳಗಿನ ಬೋಟಿಲ್ಲದ ಮೇಲೆ ಅದನ್ನು ತೊಡುವ ಪ್ರಸಂಗವೇ ಬರಲಿಲ್ಲ, ಥಂಡಿ ಮುಗಿದು ಜರ್ಕಿನ್ ಟ್ರಂಕು ಸೇರಿತು. ಮುಂದಿನ ವರ್ಷ ಮಗಳು ಹೊಸದು ತಂದಳು.

ನಾನೋ, ಸಿಕ್ಕವರಿಗೆಲ್ಲ ಹೇಳಿದೆ. ಚಾಚಾಗೆ ವಯಸ್ಸಾಯಿತು, ಮರೆವು ಬಂದಿದೆ ಎಂದು. ಕನಿಕರದಿಂದಲೇ ಹೇಳಿದೆ ಎಂದುಕೊಂಡಿದ್ದೆ. ತೋಟದವರು ಒಬ್ಬೊಬ್ಬರಾಗಿ ಬೇರೆ ಮೆಕ್ಯಾನಿಕ್ ಹುಡುಕಿಕೊಂಡರು. ಚಾಚಾನ ಸೈಕಲ್ಲು ಅವರ ಮನೆಯ ಗೋಡೆಗೆ ಒರಗಿದ್ದು ಹಾಗೇ ನಿಂತಿತು.

ಈಗ ಬೂಚು ನನ್ನ ಕೈಯಲ್ಲಿತ್ತು. ಅದರ ವಾಷರ್ ಹೊಸದು, ಒಂದು ಸಲವೂ ಒತ್ತಿದ ಗೆರೆಯಿಲ್ಲ. ಅಂದರೆ ಚಾಚಾ ಬದಲಾಯಿಸಿ ಬೆಳಿಗ್ಗೆ ನನಗೆ ಕೊಟ್ಟಿದ್ದರು, ನಾನು ಕಿಸೆಗೆ ಹಾಕಿಕೊಂಡು ಮರೆತಿದ್ದೆ. ಯಾವಾಗ? ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಒಮ್ಮೊಮ್ಮೆ "ಈಗ ನಿನ್ನ ಕಡೆ" ಎಂಬ ಅವರ ದನಿ ಕೇಳಿದಂತಾಗುತ್ತದೆ, ಆದರೆ ಅದು ಆ ಬೆಳಗಿನದೋ ಬೇರೆ ಬೆಳಗಿನದೋ... ಇನ್ನೊಂದು ವಿಚಾರ. ಕಿಸೆಯ ಜಿಪ್ ಪೂರ್ತಿ ಹಾಕಿತ್ತು. ನನಗೆ ಜಿಪ್ ಹಾಕುವ ರೂಢಿಯೇ ಇಲ್ಲ. "ನೀ ಹಾಕಿದ್ದೇನ?" ಎಂದು ಹೆಂಡತಿಯನ್ನು ಕೇಳಿದೆ. "ಹನ್ನೆರಡ ವರ್ಷದ ಮಾತ, ನನಗೇನ ನೆಪ್ಪರಿ?" ಎಂದಳು.

ಜರ್ಕಿನ್ ತಂದುಕೊಟ್ಟ ಚಾಚಾಗೆ ಬೂಚು ಒಳಗಿರುವುದು ಗೊತ್ತಿತ್ತೇ? ಗೊತ್ತಿದ್ದರೆ ನನ್ನ ತಪ್ಪನ್ನು ಹೊತ್ತುಕೊಂಡು ನಡೆದರು. ಗೊತ್ತಿರದಿದ್ದರೆ ತಮ್ಮದೇ ತಪ್ಪೆಂದು ನಂಬಿ ಹೋದರು. ಯಾವುದು ನಿಜವಾಗಲಿ ಎಂದು ಬಯಸಬೇಕೋ ಅದೂ ತಿಳಿಯಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ನಿನ್ನೆ ಬೂಚು ಕಿಸೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಚಾಚಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಚಾಚಾಗೆ ಕಡೆಗಾಲದಲ್ಲಿ ಮರೆವು ಬಹಳವಿತ್ತೇ ಎಂದು ಕೇಳಿದೆ. "ಇಲ್ಲ ತಮ್ಮಾ, ಕಡೀತನಕ ಒಂದ ಸಾಮಾನ ಮರತವರಲ್ಲ. ಮಂದಿ ಯಾಕ ಹಂಗ ಅಂದ್ರೋ ನನಗ ತಿಳೀಲೇ ಇಲ್ಲ" ಎಂದರು.

ಆ ಮಂದಿ ನಾನೇ. ಬೂಚು ತೆಗೆದು ಅವರ ಕೈಗಿಟ್ಟು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಹಿಂದುಮುಂದಾಗಿಯೇ ಎಲ್ಲವನ್ನೂ ಹೇಳಿದೆ. ಚಾಚಿ ಬೂಚನ್ನು ಸೆರಗಿನಿಂದ ಒರೆಸಿದರು. ಒಳಗೆ ಹೋಗಿ ಚಾಚಾನ ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ಬಂದರು.

"ಅವರಿಗೆ ಗೊತ್ತಿತ್ತೇನ ಚಾಚಿ?" ಎಂದೆ.

ಅವರು ಮತ್ತೆ ಮೊರ ತೊಡೆಯ ಮೇಲೆ ಎಳೆದುಕೊಂಡರು. "ಅವರಿದ್ದಾಗ ಕೇಳಬೇಕಿತ್ತ ತಮ್ಮಾ. ನಿನ್ನ ಮನಿ ಹಿಂದಿನ ಓಣ್ಯಾಗ ಇದ್ದರಲ್ಲ."